ಕನ್ನಡ ಮೀಡಿಯಂನಿಂದ ಬಂದವರಿಗೆ ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದೋದು ಹೇಗಿರುತ್ತೆ?

ನೀವು ಸೇಡಂ ಕಡೆಯ ಹಳ್ಳಿಯವರು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಸಿಇಟಿಯಲ್ಲಿ ಕಲಬುರಗಿಯಲ್ಲೇ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ ಅಂತ ಬರೆದಿದ್ದೀರಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಇಂಗ್ಲಿಷ್ ನಿಭಾಯಿಸೋಕೆ ಆಗುತ್ತಾ, ದಿನವಿಡೀ ಕಂಪ್ಯೂಟರ್ ಮುಂದೆ ಕೂರಬೇಕಾ, ಅಪ್ಪ ಸಾಲ ಮಾಡಿ ಲ್ಯಾಪ್‌ಟಾಪ್ ಕೊಡಿಸ್ತೀನಿ ಅಂತಿದ್ದಾರೆ, ಅದು ಬೇಕಾ ಅಂತ ಕೇಳಿದ್ದೀರಿ.

ನಾನು ಶಹಾಪುರದ ಕಡೆಯವನು. 2015ರಲ್ಲಿ ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸೇರಿ 2019ರಲ್ಲಿ ಮುಗಿಸಿದೆ. ಅದಕ್ಕೂ ಮುಂಚೆ ನಾನು ಮೌಸ್ ಹಿಡಿದಿದ್ದು ಒಂದೇ ಸಲ, ಸೈಬರ್ ಅಂಗಡಿಯಲ್ಲಿ ಸಿಇಟಿ ಅರ್ಜಿ ತುಂಬುವಾಗ. ಅದನ್ನೂ ಅಂಗಡಿಯವನು "ಬಿಡ್ರಿ, ನಾ ತುಂಬ್ತೀನಿ, ಹಿಂದ ಲೈನ್ ಅದ" ಅಂತ ಕಿತ್ಕೊಂಡ. ಹಾಗಾಗಿ ನಿಮ್ಮ ಹೆದರಿಕೆ ನನಗೆ ಚೆನ್ನಾಗಿ ಗೊತ್ತು.

ಮೊದಲು ಸುಲಭದ ಪ್ರಶ್ನೆ. ದಿನವಿಡೀ ಕಂಪ್ಯೂಟರ್ ಮುಂದೆ ಯಾರೂ ಕೂರಿಸಲ್ಲ. ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎರಡು ಭಾಗ. ನಮ್ಮ ಕಾಲದಲ್ಲಿ ಅದರೊಳಗೆ ಸಿವಿಲ್ ಇತ್ತು, ಡ್ರಾಯಿಂಗ್ ಇತ್ತು, ವರ್ಕ್‌ಶಾಪ್‌ನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜೋದೂ ಇತ್ತು. "ಕಂಪ್ಯೂಟರ್ ಕಲಿಯಕ್ಕ ಹೋಗಿ ಕಮ್ಮಾರಿಕೆ ಮಾಡಾಕತ್ತೀಯಲ್ಲೋ" ಅಂತ ನಮ್ಮ ಕಾಕಾ ನಕ್ಕಿದ್ದ. ಮೂರನೇ ಸೆಮ್‌ನಲ್ಲಿ ಪುಟ್ಟ ಐಸಿ ಚಿಪ್‌ಗಳು, ವೈರುಗಳು. ಆಮೇಲೂ ಹೆಚ್ಚಿನ ಕೆಲಸ ಬೋರ್ಡು, ಪೆನ್ನು, ಕಾಗದದ ಮೇಲೆಯೇ. ವಾರಕ್ಕೆ ಎರಡು ಮೂರು ಲ್ಯಾಬ್, ಅಷ್ಟೆ.

ಇನ್ನು ಇಂಗ್ಲಿಷ್. ಕಷ್ಟ ಆಗುತ್ತೆ. ಆಗಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಮೊದಲ ಎರಡು ತಿಂಗಳು ನಾನು ಕ್ಲಾಸಿನಲ್ಲಿ ಸುಮ್ನೆ ಬೋರ್ಡ್ ನೋಡಿ ಬರ್ಕೊಂಡಿದ್ದೇ ಬಂತು. ಆದರೆ ಒಂದು ಸಮಾಧಾನ ಇದೆ. ಪ್ರೋಗ್ರಾಂ ಬರೆಯೋಕೆ ನೀವು ಮೊದಲು ಕಲಿಯೋ ಸಿ ಭಾಷೆಯಲ್ಲಿ, ಅದರ ಮೂಲ ಸ್ಟ್ಯಾಂಡರ್ಡ್ ಪ್ರಕಾರ, ಕೀವರ್ಡ್, ಅಂದರೆ ಆ ಭಾಷೆ ತನಗೇ ಮೀಸಲಿಟ್ಟ ಪದ, ಇರೋದು ಬರೀ 32. ನಮ್ಮ ವರ್ಣಮಾಲೆಯಲ್ಲೇ 49 ಅಕ್ಷರ ಇವೆ. ಅದನ್ನು ಒಂದನೇ ಕ್ಲಾಸಿನಲ್ಲೇ ಕಲಿತವರಿಗೆ 32 ಪದ ಏನು ಮಹಾ! ಪಠ್ಯಪುಸ್ತಕದ ಇಂಗ್ಲಿಷೂ ಹಾಗೇ, ತಿರುಗಿ ತಿರುಗಿ ಅವೇ ಪದಗಳು. ಮೊದಲ ಅಧ್ಯಾಯಕ್ಕೆ ಡಿಕ್ಷನರಿ ಹಿಡಿದು ಒಂದು ವಾರ ಹಿಡಿಯಿತು. ನಾಲ್ಕನೆಯದಕ್ಕೆ ಒಂದು ಸಂಜೆ ಸಾಕಾಯಿತು. ಪರೀಕ್ಷೆಯಲ್ಲಿ ಚಿಕ್ಕ ಚಿಕ್ಕ ವಾಕ್ಯ ಬರೆದು, ಚಿತ್ರ ಬಿಡಿಸಿದರೆ ನಡೆಯುತ್ತೆ. ಪೆಟ್ಟು ಬೀಳೋದು ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ. ಒಮ್ಮೆ ಹೊರಗಿನಿಂದ ಬಂದ ಎಕ್ಸ್‌ಟರ್ನಲ್ ಪಾಯಿಂಟರ್ ಅಂದರೆ ಏನು ಅಂತ ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಉತ್ತರ ಗೊತ್ತು, ಬಾಯಿಗೆ ಪದ ಬರ್ತಿಲ್ಲ. ಕೊನೆಗೆ ಅವರ ಮುಂದಿದ್ದ ಹಾಳೆ ಎಳ್ಕೊಂಡು ಎರಡು ಚೌಕ ಬರೆದು, ಒಂದರೊಳಗೆ ಇನ್ನೊಂದರ ವಿಳಾಸದ ನಂಬರ್ ಹಾಕಿ, ಬಾಣ ಎಳೆದೆ. ಅವರು ನೋಡಿ, "ಬರೋಬ್ಬರಿ ಅದ, ಹೋಗು" ಅಂದರು.

ಆದರೆ ಇಂಗ್ಲಿಷಿನ ಹಿಂದೆ ಇನ್ನೊಂದು ಕಷ್ಟ ಅಡಗಿರುತ್ತೆ. ಅದರ ಬಗ್ಗೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನನಗೆ ಅರ್ಥ ಆಗದೇ ಇದ್ದಾಗಲೆಲ್ಲ ಇಂಗ್ಲಿಷ್ ಬರಲ್ಲ ಅದಕ್ಕೇ ಅಂದ್ಕೊಳ್ತಿದ್ದೆ. ಮೂರನೇ ಸೆಮ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್, ಅಂದರೆ ಮಾಹಿತಿಯನ್ನು ಜೋಡಿಸಿಡೋ ರೀತಿಗಳ ಪಾಠ, ಬಂದ ಮೇಲೆ ಈ ಭ್ರಮೆ ಹೋಯಿತು.

ಆ ವಿಷಯ ಹೇಳಿಕೊಟ್ಟ ಮೇಡಂ ನಮ್ಮ ಭಾಗದವರೇ. ಸ್ಟ್ಯಾಕ್ ಅಂದರೆ ಬುಟ್ಟಿಯಲ್ಲಿ ಒಟ್ಟಿದ ಖಡಕ್ ರೊಟ್ಟಿ, ಮೇಲಿನದು ತೆಗೆಯದೆ ಕೆಳಗಿನದು ಸಿಗಲ್ಲ, ಕೊನೆಗೆ ಇಟ್ಟಿದ್ದೇ ಮೊದಲು ತಟ್ಟೆಗೆ ಬರೋದು ಅಂತ ಒಂದೇ ನಿಮಿಷದಲ್ಲಿ ತಲೆಗಿಳಿಸಿದರು. ಲಿಂಕ್ಡ್ ಲಿಸ್ಟ್ ಅಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಓಣಿಯಲ್ಲಿ ವಿಳಾಸ ಕೇಳ್ತಾ ಹೋಗೋದು. ಪ್ರತಿ ಅಂಗಡಿಯವನಿಗೂ ಮುಂದಿನ ಅಂಗಡಿ ಮಾತ್ರ ಗೊತ್ತು. ನಡುವೆ ಒಬ್ಬನನ್ನು ತೆಗೆಯಬೇಕಾದರೆ, ಅವನ ಮುಂದೆ ಯಾರಿದ್ದಾರೆ ಅಂತ ಮೊದಲು ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅಲ್ಲಿಂದಾಚೆಯ ಓಣಿಯೇ ಕಳೆದು ಹೋಯಿತು.

ಎಲ್ಲ ಅರ್ಥ ಆಯಿತು ಅಂತ ಖುಷಿಯಲ್ಲಿ ಲ್ಯಾಬಿಗೆ ಹೋದೆ. ಪ್ರೋಗ್ರಾಂ ಬರೆದೆ, ರನ್ ಮಾಡಿದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಸೆಗ್ಮೆಂಟೇಶನ್ ಫಾಲ್ಟ್, ಕೋರ್ ಡಂಪ್ಡ್. ನಾನು ಕಂಪ್ಯೂಟರ್ ಕೆಡಿಸಿಬಿಟ್ಟೆ ಅಂತ ಹೆದರಿ ಅಟೆಂಡರ್‌ನ ಕರೆದೆ. ಆತ ಸಿಸ್ಟಂ ಬಂದ್ ಮಾಡಿ ಚಾಲೂ ಮಾಡಿ ಹೋದ. ಮತ್ತೆ ಅದೇ ಸಾಲು (ಪ್ರೋಗ್ರಾಂ ಮುಟ್ಟಬಾರದ ಮೆಮೊರಿ ಮುಟ್ಟಿ ನಿಂತಿದೆ ಅಂತ ಅದರ ಅರ್ಥ). ಪಕ್ಕದಲ್ಲಿ ಕೂತಿದ್ದವನು ಊರಲ್ಲೇ ದೊಡ್ಡ ಇಂಗ್ಲಿಷ್ ಸ್ಕೂಲಿನಲ್ಲಿ ಓದಿದವನು, ಪಟಪಟ ಅಂತ ಇಂಗ್ಲಿಷ್ ಮಾತಾಡ್ತಿದ್ದ. ಅವನ ಪರದೆ ಇಣುಕಿದೆ. ಅಲ್ಲೂ ಅದೇ ಸೆಗ್ಮೆಂಟೇಶನ್ ಫಾಲ್ಟ್. ಹೇಳಬಾರದು, ಆದರೂ ಆವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ತಪ್ಪು ಹುಡುಕೋಕೆ ಮೂರು ದಿನ ಬೇಕಾಯಿತು. ರೆಕಾರ್ಡ್ ಹಾಳೆಯ ಹಿಂದೆ ಚೌಕ ಬರೀತಾ, ಬಾಣ ಎಳೀತಾ, ಒಂದೊಂದೇ ಸಾಲು ಕೈಯಲ್ಲಿ ನಡೆಸಿ ನೋಡಿದೆ. ಲಿಸ್ಟ್ ಖಾಲಿ ಇದ್ದಾಗ ತೆಗೆಯೋಕೆ ಹೋದರೆ ಏನು ಮಾಡಬೇಕು ಅಂತ ನಾನು ಬರೆದೇ ಇರಲಿಲ್ಲ. ಅಂಗಡಿಯೇ ಇಲ್ಲದ ಓಣಿಯಲ್ಲಿ ಮುಂದಿನ ಅಂಗಡಿ ಯಾವುದು ಅಂತ ಕೇಳ್ತಿದ್ದೆ. ಇಂಗ್ಲಿಷ್ ಬರೋದಕ್ಕೂ ಇದಕ್ಕೂ ಏನು ಸಂಬಂಧ, ಹೇಳಿ? ಪಕ್ಕದವನೂ ನಾನೂ ಒಂದೇ ಗೋಡೆಗೆ ತಲೆ ಚಚ್ಚಿಕೊಳ್ತಿದ್ದೆವು.

ಈಗ ಪರೀಕ್ಷೆಯ ಲೋಕ. ಇದು ಬೇರೆಯೇ. ನಮ್ಮ ಯೂನಿವರ್ಸಿಟಿ ವಿಟಿಯುನ ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್‌ಗೆ ಎರಡು ಪ್ರಶ್ನೆ, ಒಂದು ಬರೆದರೆ ಸಾಕು. ನನ್ನ ತಮ್ಮ 2022ರ ಸ್ಕೀಮ್‌ನವನು. ಅವನಿಗೆ ಇಂಟರ್ನಲ್ಸ್, ಅಂದರೆ ಕಾಲೇಜೇ ಕೊಡೋ ಅಂಕ, 50, ಪರೀಕ್ಷೆ 100ಕ್ಕೆ ಬರೆದು 50ಕ್ಕೆ ಇಳಿಸೋದು. ಕಾಲೇಜು ಗೇಟಿನ ಎದುರಿನ ಝೆರಾಕ್ಸ್ ಅಂಗಡಿಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಸಿಗುತ್ತೆ. ಹಳೇ ಪ್ರಶ್ನೆಗಳಿಗೆ ಯಾರೋ ಬರೆದ ಉತ್ತರಗಳ ಕಟ್ಟು. ಅದನ್ನು ಹಿಡಿದು ಮೂರು ಮಾಡ್ಯೂಲ್ ಗಟ್ಟಿ ಮಾಡಿದರೆ ಪಾಸಾಗಬಹುದು. ನಾನೂ ಕೊಂಡಿದ್ದೇನೆ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಪಾಸಾಗೋದು ಒಂದು ಖಾತೆ, ಕಲಿಯೋದು ಇನ್ನೊಂದು ಖಾತೆ. ಒಂದಕ್ಕೆ ಕಟ್ಟಿದ್ದು ಇನ್ನೊಂದಕ್ಕೆ ಜಮಾ ಆಗಲ್ಲ. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಬೇಕು, ಬಂದ ಪ್ರೋಗ್ರಾಂ ಬರೆದು ರನ್ ಮಾಡಬೇಕು. ಬಾರದೇ ಇದ್ದರೆ ಒಂದು ಸಲ ಬದಲಾಯಿಸಿಕೊಳ್ಳಬಹುದು, ಆದರೆ ಪ್ರೊಸೀಜರ್ ಬರೆದಿದ್ದಕ್ಕೆ ಸಿಗೋ ಅಂಕ ಸೊನ್ನೆ. ಆ ಲ್ಯಾಬಿನ ಹನ್ನೆರಡೂ ಪ್ರೋಗ್ರಾಂ ಬಾಯಿಪಾಠ ಮಾಡಿ ಬಂದವರಿದ್ದರು. ಒಂದು ಸೆಮಿಕೋಲನ್ ತಪ್ಪಿದರೆ ಪೂಜೆಯ ನಡುವೆ ಮಂತ್ರ ಮರೆತವರ ಹಾಗೆ ಮೊದಲಿನಿಂದ ಶುರು ಮಾಡೋರು.

ನನ್ನ ಖಾತೆಗೆ ನಿಜವಾಗಿ ಜಮಾ ಆದ ಒಂದು ರಾತ್ರಿಯ ಕತೆ ಹೇಳ್ತೀನಿ. ಹಾಸ್ಟೆಲ್‌ನಲ್ಲಿ ಮೂವರು ಸೇರಿ ಒಂದು ಹಳೇ ಡೆಸ್ಕ್‌ಟಾಪ್ ತಗೊಂಡಿದ್ದೆವು. ಪದ ಕೊಟ್ಟರೆ ಅದರಲ್ಲಿ ಎಷ್ಟು ಅಕ್ಷರ ಇದೆ ಅಂತ ಹೇಳೋ ಸ್ಟ್ರ್‌ಲೆನ್ ಅನ್ನೋ ಫಂಕ್ಷನ್ ಸಿ ಭಾಷೆಯಲ್ಲಿದೆ. ಸುಮ್ನೆ ಕುತೂಹಲಕ್ಕೆ ಕನ್ನಡದಲ್ಲಿ 'ಕಲಬುರಗಿ' ಅಂತ ಕೊಟ್ಟೆ. ಐದು ಬರಬೇಕಲ್ವಾ? ಬಂದಿದ್ದು 21. ಇಂಗ್ಲಿಷಿನಲ್ಲಿ ಕೊಟ್ಟರೆ ಸರಿಯಾಗಿ 10. ರೂಮಿನಲ್ಲಿ ಒಬ್ಬ ಉರ್ದು ಮೀಡಿಯಂನಿಂದ ಬಂದವನಿದ್ದ. ಅವನು ಉರ್ದುವಿನಲ್ಲಿ 'ಗುಲ್ಬರ್ಗಾ' ಅಂತ ಟೈಪ್ ಮಾಡಿದ. ಅವನ ಲೆಕ್ಕದಲ್ಲಿ 6 ಅಕ್ಷರ, ಬಂದಿದ್ದು 12. ಒಂದೇ ಊರು, ಮೂರು ಲೆಕ್ಕ.

ಬೆಳಗಿನ ಜಾವದವರೆಗೆ ಹುಡುಕಿದೆವು. ಸಿ ಭಾಷೆ ಹುಟ್ಟಿದ್ದು 1972ರ ಹೊತ್ತಿಗೆ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಅದಕ್ಕೆ ಒಂದು ಅಕ್ಷರ ಅಂದರೆ ಒಂದು ಬೈಟ್, ಅಂದರೆ ಮೆಮೊರಿಯ ಒಂದು ಪುಟ್ಟ ಖಾನೆ. ಕನ್ನಡಕ್ಕೂ ಉರ್ದುವಿಗೂ ನಂಬರ್ ಕೊಟ್ಟ ಯೂನಿಕೋಡ್ ಬಂದಿದ್ದು 1991ರಲ್ಲಿ. ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಉರ್ದು ಅಕ್ಷರಕ್ಕೆ ಎರಡು. ಸರಿ, ಐದು ಮೂರಲೆ ಹದಿನೈದು ಆಗಬೇಕಿತ್ತು, 21 ಹೇಗೆ? ನಾವು 'ಬು' ಅನ್ನೋದನ್ನು ಒಂದು ಅಕ್ಷರ ಅಂತೀವಿ. ಯೂನಿಕೋಡ್‌ಗೆ ಅದು ಎರಡು: ಬ ಬೇರೆ, ಕೊಂಬು ಬೇರೆ. 'ಗಿ'ಯಲ್ಲೂ ಗ ಬೇರೆ, ಗುಡಿಸು ಬೇರೆ. ಒಟ್ಟು ಏಳು ಚಿಹ್ನೆ. ಏಳು ಮೂರಲೆ ಇಪ್ಪತ್ತೊಂದು.

ಆಮೇಲೆ ಪದ ತಿರುಗಿಸೋಕೆ ಹೋದೆವು. ಬೈಟ್ ಲೆಕ್ಕದಲ್ಲಿ ತಿರುಗಿಸಿದರೆ ಬರೀ ಕಸ. ಪೈಥಾನ್ ಅನ್ನೋ ಇನ್ನೊಂದು ಭಾಷೆಯಲ್ಲಿ ಚಿಹ್ನೆ ಲೆಕ್ಕದಲ್ಲಿ ತಿರುಗಿಸಿದರೆ, 'ಗಿರಬುಲಕ' ಬರಬೇಕಾದ ಕಡೆ ಮೊದಲು ಆಸರೆಯಿಲ್ಲದ ಒಂದು ಗುಡಿಸು, ಅದರ ಹಿಂದೆ 'ಗರುಬಲಕ'. ಬ ಮೇಲಿದ್ದ ಕೊಂಬು ಹೋಗಿ ರ ಮೇಲೆ ಕೂತಿತ್ತು. ಪ್ರಾಥಮಿಕ ಶಾಲೆಯಲ್ಲಿ ತಲಕಟ್ಟು, ಗುಡಿಸು, ಕೊಂಬು ಅಂತ ಕಲಿತಿದ್ದು ಇಂಜಿನಿಯರಿಂಗ್‌ನಲ್ಲಿ ಕೆಲಸಕ್ಕೆ ಬರುತ್ತೆ ಅಂತ ನಾನಂತೂ ಅಂದ್ಕೊಂಡಿರಲಿಲ್ಲ. ಇಂಗ್ಲಿಷ್ ಸ್ಕೂಲಿನ ಆ ಗೆಳೆಯನಿಗೆ ಮರುದಿನ ಇದನ್ನು ನಾನೇ ವಿವರಿಸಿದೆ.

ಡಿಬಿಎಂಎಸ್, ಅಂದರೆ ಮಾಹಿತಿ ಕೂಡಿಡೋ ಡೇಟಾಬೇಸ್‌ಗಳ ಪಾಠ, ಕೂಡ ಹಾಗೇ ಹತ್ತಿರವಾಯಿತು. ಎಡ್ಗರ್ ಕಾಡ್ ಅನ್ನೋರು 1970ರಲ್ಲಿ ಎಲ್ಲ ಮಾಹಿತಿಯನ್ನೂ ಟೇಬಲ್‌ಗಳಲ್ಲಿ ಇಡೋ ಆಲೋಚನೆ ಕೊಟ್ಟರು. ಒಂದು ವಿಷಯವನ್ನು ಒಂದೇ ಕಡೆ ಬರೆಯಬೇಕು ಅಂತ ಪುಸ್ತಕ ಹೇಳುತ್ತೆ, ನಾರ್ಮಲೈಸೇಶನ್ ಅಂತ ಅದಕ್ಕೆ ಹೆಸರು. ನಮ್ಮಪ್ಪನ ಹೆಸರು ಮನೆಯ ಮೂರು ಕಾಗದದಲ್ಲಿ ಮೂರು ಥರ ಇದೆ. ಹೆಸರಿನ ಕೊನೆಗೆ ಒಂದರಲ್ಲಿ 'ಅಪ್ಪ', ಒಂದರಲ್ಲಿ 'ಗೌಡ', ಇನ್ನೊಂದರಲ್ಲಿ ಎರಡೂ ಇಲ್ಲ. ನಾರ್ಮಲೈಸೇಶನ್ ಯಾಕೆ ಬೇಕು ಅಂತ ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ.

ಗಣಿತ ಇದೆ, ಜಾಸ್ತಿಯೇ ಇದೆ. ಯಂತ್ರಕ್ಕೆ ಯಾವ ಲೆಕ್ಕ ಆಗುತ್ತೆ, ಯಾವುದು ಆಗಲ್ಲ ಅಂತ ನೋಡೋ ಆಟೊಮೆಟಾ ಥಿಯರಿ ಅಂತ ಒಂದು ಬರುತ್ತೆ, ಎಲ್ಲರೂ ಬೈಯ್ತಾರೆ, ನನಗೆ ಅದೇ ಎಲ್ಲಕ್ಕಿಂತ ಇಷ್ಟ. ನಾವೀಗ ಬಳಸೋ ಥರದ ಕಂಪ್ಯೂಟರ್ ಹುಟ್ಟೋ ಮುಂಚೆಯೇ, 1936ರಲ್ಲಿ, ಅಲನ್ ಟ್ಯೂರಿಂಗ್ ಅನ್ನೋ ಹುಡುಗ ಯಾವ ಯಂತ್ರಕ್ಕೂ ಆಗದ ಲೆಕ್ಕಗಳಿವೆ ಅಂತ ಕಾಗದದ ಮೇಲೆ ಸಾಧಿಸಿ ತೋರಿಸಿದ. ನಿಮಗಿಂತ ಐದಾರು ವರ್ಷ ದೊಡ್ಡವನಿದ್ದ, ಅಷ್ಟೆ.

ಬಿಸಿಲಿನ ಬಗ್ಗೆ ಸೇಡಂನವರಿಗೆ ನಾನೇನು ಹೇಳಲಿ. ಮೇ ತಿಂಗಳಲ್ಲಿ ಎಸಿ ಇದ್ದ ನಮ್ಮ ಲ್ಯಾಬಿಗೆ ಅಟೆಂಡೆನ್ಸ್ ನೂರಕ್ಕೆ ನೂರು ಇರ್ತಿತ್ತು. ಕರೆಂಟ್ ಹೋದಾಗ ಇಡೀ ಲ್ಯಾಬ್ ಒಂದೇ ಸಲ "ಅಯ್ಯೋ" ಅನ್ನೋದು. ಐದು ನಿಮಿಷಕ್ಕೊಮ್ಮೆ ಸೇವ್ ಮಾಡೋ ಚಟ ನನಗೆ ಅಲ್ಲೇ ಅಂಟಿದ್ದು, ಇನ್ನೂ ಬಿಟ್ಟಿಲ್ಲ.

ಲ್ಯಾಪ್‌ಟಾಪ್: ಮೊದಲ ವರ್ಷ ಬೇಡ. ಸಾಲ ಮಾಡಿ ಅಂತೂ ಬೇಡವೇ ಬೇಡ. ಸಿ ಪ್ರೋಗ್ರಾಂಗಳನ್ನು ಆಂಡ್ರಾಯ್ಡ್ ಫೋನಿನಲ್ಲೇ ಟರ್ಮಕ್ಸ್ ಅನ್ನೋ ಆ್ಯಪ್ ಹಾಕಿಕೊಂಡು ಓಡಿಸಬಹುದು. ಟೈಪ್ ಮಾಡೋದು ಬೇಜಾರು, ಆದರೆ ಆಗುತ್ತೆ. ಲ್ಯಾಬ್ ಖಾಲಿ ಇದ್ದಾಗ ಕೇಳಿ ಕೂತುಕೊಳ್ಳಿ, ನಮ್ಮಲ್ಲಿ ಕೇಳಿದವರಿಗೆ ಇಲ್ಲ ಅಂದಿದ್ದು ಕಡಿಮೆ. ಮೂರನೇ ಸೆಮ್ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ತಗೊಳ್ಳಿ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದ್ದರೆ ಸಾಕು, ಮೇಲೆ ಉಬುಂಟು ಹಾಕಿ, ಅದು ವಿಂಡೋಸ್ ಬದಲು ಪುಕ್ಕಟೆ ಸಿಗೋ ಆಪರೇಟಿಂಗ್ ಸಿಸ್ಟಂ.

ಕೆಲಸದ ಬಗ್ಗೆ ನೀವು ಕೇಳಿಲ್ಲ, ಆದರೆ ಮನೆಯವರು ಕೇಳೇ ಕೇಳ್ತಾರೆ. ಇಲ್ಲಿಗೆ ಬರೋ ಕಂಪನಿ ಕಡಿಮೆ. ಪೂಲ್ ಕ್ಯಾಂಪಸ್, ಅಂದರೆ ಹಲವು ಕಾಲೇಜಿನವರಿಗೆ ಒಂದೇ ಕಡೆ ನಡೆಸೋ ಆಯ್ಕೆ, ಅಂತ ಬೆಂಗಳೂರಿಗೆ ಹೋಗಬೇಕಾಗುತ್ತೆ. ನಾನು ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ನಾಲ್ಕು ಸಲ ಹೋಗಿ ಬಂದೆ. ಮೂರು ಸಲ ಆಪ್ಟಿಟ್ಯೂಡ್ ಟೆಸ್ಟ್‌ನಲ್ಲೇ ಹೊರಗೆ. ನಾಲ್ಕನೇ ಸಲ ಇಂಟರ್‌ವ್ಯೂ ಮಾಡಿದವರು ಲಿಂಕ್ಡ್ ಲಿಸ್ಟ್‌ನಲ್ಲಿ ನಡುವಿನದೊಂದು ತೆಗೆ ಅಂದರು. ಬರೆಯೋ ಮುಂಚೆ "ಲಿಸ್ಟ್ ಖಾಲಿ ಇರಬಹುದಾ ಸರ್?" ಅಂತ ಕೇಳಿದೆ. ಅವರು ಮೊದಲ ಸಲ ತಲೆ ಎತ್ತಿ ನೋಡಿದರು. ಹೈದರಾಬಾದ್ ನಮಗೆ ಹತ್ತಿರ, ಹಾಗಾಗಿ ಬಹಳ ಜನ ಓದು ಮುಗಿಸಿ ಅಲ್ಲಿ ಕೋಚಿಂಗ್ ಸೆಂಟರ್‌ಗಳು ತುಂಬಿರೋ ಅಮೀರ್‌ಪೇಟೆಗೆ ಕೋರ್ಸ್ ಮಾಡೋಕೆ ಹೋಗ್ತಾರೆ. ಬುನಾದಿ ಇದ್ದವರಿಗೆ ಅದು ಉಪಯೋಗ, ಇಲ್ಲದವರಿಗೆ ದುಡ್ಡು ದಂಡ. ಹಾಂ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ 371 ಜೆ ಸರ್ಟಿಫಿಕೇಟ್ ಮಾಡಿಸಿದ್ದರೆ ನಾಲ್ಕು ಝೆರಾಕ್ಸ್ ಹೊಡೆಸಿ ಜೋಪಾನವಾಗಿಡಿ, ಮುಂದೆ ಸರ್ಕಾರಿ ನೌಕರಿಗೆ ಅರ್ಜಿ ಹಾಕಿದರೆ ಅದೇ ಬೇಕಾಗುತ್ತೆ.

ಕ್ಲಾಸ್ ಶುರುವಾಗೋಕೆ ಇನ್ನೂ ಸಮಯ ಇದೆ ಅಂದಿದ್ದೀರಿ. ಫೋನಿನಲ್ಲಿ ಟರ್ಮಕ್ಸ್ ಹಾಕ್ಕೊಂಡು ನಿಮ್ಮ 'ಸೇಡಂ'ನಿಂದಲೇ ಶುರು ಮಾಡಿ. ಎರಡೇ ಅಕ್ಷರ. ಸ್ಟ್ರ್‌ಲೆನ್ ಎಷ್ಟು ಹೇಳುತ್ತೆ ಅಂತ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ರನ್ ಮಾಡಿ. ಏತ್ವ ಬೇರೆ, ಸೊನ್ನೆ ಬೇರೆ ಅನ್ನೋದು ನೆನಪಿರಲಿ.