‘ನಾನೇನು ಸತ್ತುಹೋಗಿದ್ದೀನಾ, ಹೀಗೆ ಬರೆಯೋಕೆ?’

(ಹೆಸರು, ಊರು, ಉದ್ಯೋಗ ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ವಾಸುದೇವ ಅವರಿಗೆ 64 ವರ್ಷ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಆಪ್ತಸಲಹೆಗೆಂದು ನನ್ನ ಹತ್ತಿರ ಬಂದಾಗ ಹೇಳಿಕೊಂಡ ತೊಂದರೆ ನಿದ್ದೆಯದ್ದು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಅವರ ಹೆಂಡತಿ ಲಲಿತಾ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು. ಮಗ ಪುಣೆಯಲ್ಲಿ. ಅಡುಗೆ, ಪಾತ್ರೆ, ಬಟ್ಟೆ, ಔಷಧಿ ಎಲ್ಲವೂ ಈಗ ಇವರ ಪಾಲಿಗೆ.

“ಮೇಡಂ, ನಮ್ಮನೇಲಿ ತೊಗರಿಬೇಳೆ ಡಬ್ಬಿ ಯಾವುದು ಅಂತಲೂ ನನಗೆ ಗೊತ್ತಿರಲಿಲ್ಲ” ಎಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಖಿನ್ನತೆ ಎಷ್ಟಿದೆ ಎಂದು ತಿಳಿಯಲು ಬಳಸುವ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕೇಳಿದೆ. ಅಂಕ ಕಡಿಮೆಯೇ ಬಂತು. ಆದರೆ ಮಾತಿನ ನಡುವೆ “ನಾನಿದ್ದು ಏನು ಉಪಯೋಗ” ಅಂದಿದ್ದರು. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿ ಕೇಳಿದೆ. ಇದನ್ನು ಸುತ್ತಿಬಳಸಿ ಕೇಳಬಾರದು. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರ್ ಬರೆದುಕೊಟ್ಟೆ. ಬೆಳಿಗ್ಗೆ ಹೊತ್ತು ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಲು ಮಗನ ಜೊತೆ ಮಾತಾಡಿ ಎಂದೆ. ಆರೈಕೆ ಮಾಡುವವರಿಗೆ ವಿಶ್ರಾಂತಿ ಬೇಕು. ಮುಂದೆ ನಾನು ಹೇಳಲಿರುವ ಕೃತಜ್ಞತೆಯ ಬರವಣಿಗೆಯೂ ಅದಕ್ಕೆ ಪರ್ಯಾಯವಲ್ಲ.

ಎರಡನೇ ಭೇಟಿಯಲ್ಲಿ ಮನಸ್ಸಿನ ಮಾತು ಹೊರಬಂತು. “ಇಷ್ಟು ವರ್ಷ ಮಾಡಿದ್ದಕ್ಕೆ ಅವಳಿಗೆ ಏನಾದರೂ ಹೇಳಬೇಕು ಮೇಡಂ. ಆದರೆ ಹೆಂಡತಿಗೆ ಥ್ಯಾಂಕ್ಸ್ ಅಂದರೆ ನಾಟಕ ಆಡಿದ ಹಾಗಿರುತ್ತೆ.” ನನಗಿದು ಅರ್ಥವಾಗುತ್ತದೆ. ‘ಧನ್ಯವಾದ’ ನಮ್ಮಲ್ಲಿ ವೇದಿಕೆಯ ಮಾತು. ಊಟ ಬಡಿಸಿದ ಅಮ್ಮನಿಗೆ ಯಾರೂ ಧನ್ಯವಾದ ಹೇಳುವುದಿಲ್ಲ ಅಲ್ವಾ? ಬಾಯಲ್ಲಿ ಹೇಳಲಾಗದಿದ್ದರೆ ಬರೆಯಿರಿ, ದಿನಾ ಮೂರು ಸಾಲು ಸಾಕು ಎಂದೆ.

ನಾನು ಎಡವಿದ್ದು ಅಲ್ಲೇ. ಹೇಗೆ ಬರೆಯಬೇಕು ಎಂದು ಹೇಳಿಕೊಡಲಿಲ್ಲ.

ಮುಂದಿನ ವಾರ ನೋಟ್‌ಬುಕ್ ತಂದರು. ಆರು ಪುಟ ತುಂಬಿತ್ತು. “ನಾನು ಒಂದು ದಿನವೂ ಒಲೆ ಹಚ್ಚಲಿಲ್ಲ. ನಾನು ಅವಳ ಕಾಲುನೋವನ್ನು ಕೇಳಲಿಲ್ಲ. ನಾನು ತಟ್ಟೆ ಎತ್ತಲಿಲ್ಲ. ಈ ಋಣ ಹೇಗೆ ತೀರಿಸಲಿ?” ಲಲಿತಾ ದಿಂಬಿನ ಕೆಳಗಿದ್ದ ಅದನ್ನು ಓದಿ ಅತ್ತಿದ್ದರಂತೆ. “ನಾನೇನು ಸತ್ತುಹೋಗಿದ್ದೀನಾ, ಹೀಗೆ ಬರೆಯೋಕೆ?” ಅಂದಿದ್ದರಂತೆ.

ಆ ಪುಟಗಳಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಹೆಚ್ಚುಕಡಿಮೆ ಪ್ರತಿ ವಾಕ್ಯವೂ ‘ನಾನು’ ಎಂದೇ ಶುರುವಾಗಿತ್ತು. ಲಲಿತಾ ಬಗ್ಗೆ ಬರೆದಿದ್ದೆಲ್ಲ ತಿರುಗಿ ಇವರ ಮೇಲಿನ ಆರೋಪವೇ ಆಗಿತ್ತು. ಇದು ಪಶ್ಚಾತ್ತಾಪ. ಕೃತಜ್ಞತೆಯ ಪಕ್ಕದ ಮನೆ, ಆದರೆ ಬಾಗಿಲು ಬೇರೆ. ಪಶ್ಚಾತ್ತಾಪದಲ್ಲಿ ಮುಳುಗಿದವನು ತನ್ನನ್ನೇ ನೋಡಿಕೊಳ್ಳುತ್ತಾನೆ. ಎದುರಿಗೆ ಕೂತ ಹೆಂಡತಿ ಆಗಲೂ ಕಾಣುವುದಿಲ್ಲ.

ಲೆಕ್ಕದವರಿಗೆ ಲೆಕ್ಕದ ಮಾತಿನಲ್ಲೇ ಹೇಳಿದೆ. “ನೀವು ಬರೆದಿರೋದು ಬಾಕಿ ಪಟ್ಟಿ. ನನಗೆ ಜಮಾ ಪುಟ ಬೇಕು. ಏನು ಬಂತು, ಯಾವತ್ತು ಬಂತು, ಯಾರಿಂದ ಬಂತು.” ಮೊದಲ ಬಾರಿಗೆ ನಕ್ಕರು.

ಹೊಸ ನಿಯಮ ಇಷ್ಟೇ. ಮೊದಲ ವಾಕ್ಯ ‘ಲಲಿತಾ’ ಎಂದೇ ಶುರುವಾಗಬೇಕು. ಇವತ್ತು ಅಥವಾ ನಿನ್ನೆ ಆಗಿದ್ದನ್ನು ಮಾತ್ರ ಬರೆಯಬೇಕು, ಮೂವತ್ತು ವರ್ಷದ ಹಿಂದಿನದ್ದಲ್ಲ. ‘ಒಳ್ಳೆಯವಳು’, ‘ದೇವತೆ’ ಇಂಥ ಪದ ಬೇಡ. ಅವರು ಮಾಡಿದ ಕೆಲಸ ಬರೆಯಬೇಕು, ಅದರಿಂದ ತನಗೆ ಏನು ಹಗುರವಾಯಿತು ಎಂದು ಬರೆಯಬೇಕು. ಏನೂ ಹೊಳೆಯದ ದಿನ ಪುಟ ಖಾಲಿ ಇರಲಿ. ಜಗಳದ ನಡುವೆ ಈ ನೋಟ್‌ಬುಕ್ ತೆರೆದು ತೋರಿಸಬಾರದು. ಬೇಸರ, ಸಿಟ್ಟು ಬಂದರೆ ಬೇರೆ ಹಾಳೆಯಲ್ಲಿ ಬರೆದು ನನ್ನ ಹತ್ತಿರ ತರಲಿ. ಆರೈಕೆ ಮಾಡುವವರಿಗೆ ಸಿಟ್ಟು ಬಂದೇ ಬರುತ್ತದೆ. ಅದನ್ನು ಮುಚ್ಚಿಟ್ಟು ಮೇಲೆ ಕೃತಜ್ಞತೆ ಬಳಿದರೆ ಎರಡೂ ಕೆಡುತ್ತವೆ.

“ಹಾಸಿಗೆ ಹಿಡಿದವಳು ಏನು ಮಾಡ್ತಾಳೆ ಮೇಡಂ, ಬರೆಯೋಕೆ?” ಎಂದರು. ನೋಡಿ ಎಂದೆ.

ಮುಂದಿನ ವಾರದ ಪುಟ ಹೀಗಿತ್ತು: “ಲಲಿತಾ ಮಂಚದ ಮೇಲೇ ಕೂತು ಹುರುಳಿಕಾಯಿ ಬಿಡಿಸಿಕೊಟ್ಟಳು. ನನಗೆ ಪೇಪರ್ ಓದಲು ಹೊತ್ತು ಸಿಕ್ಕಿತು.” ಇನ್ನೊಂದು: “ಲಲಿತಾ ಸಾರಿಗೆ ಉಪ್ಪು ಜಾಸ್ತಿಯಾಗಿದ್ದಕ್ಕೆ ಬೈಯಲಿಲ್ಲ. ನಿಂಬೆಹಣ್ಣು ಹಿಂಡಿ ಅಂದಳು. ನಾಳೆಯೂ ಅಡುಗೆ ಮಾಡುವ ಧೈರ್ಯ ಬಂತು.”

ಈ ಅಭ್ಯಾಸ ನನ್ನ ಕಲ್ಪನೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ಹತ್ತು ವಾರ ಬರೆದಿದ್ದರು. ಕೃತಜ್ಞತೆ ಅನ್ನಿಸಿದ್ದನ್ನು ಬರೆದವರು, ಕಿರಿಕಿರಿ ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಜಾಸ್ತಿ ಸಮಾಧಾನ ಹೇಳಿಕೊಂಡರು. ಅವರು ಬರೆದಿದ್ದು ವಾರಕ್ಕೊಮ್ಮೆ. ಒಂದು ತಿಂಗಳಾದ ಮೇಲೆ ವಾಸುದೇವ ಅವರಿಗೂ ವಾರಕ್ಕೊಮ್ಮೆ ಸಾಕು ಎಂದೆ. ದಿನಾ ಬರೆದರೆ ಕಾಟಾಚಾರದ ಸಾಲು ಬರಲು ಶುರುವಾಗುತ್ತದೆ. ಅದನ್ನು ನಾನು ಬಹಳ ಜನರಲ್ಲಿ ಕಂಡಿದ್ದೇನೆ.

ಓದುಗರಿಗೆ ಒಂದು ಮಾತು. ಹೊಡೆತ, ಬೆದರಿಕೆ ಇರುವ ಮನೆಯಲ್ಲಿ ನೋವು ತಿನ್ನುತ್ತಿರುವವರಿಗೆ ನಾನು ಇದನ್ನು ಕೊಡುವುದಿಲ್ಲ. ಅಲ್ಲಿ ಮೊದಲು ಬೇಕಿರುವುದು ರಕ್ಷಣೆ.

ಆರನೇ ಭೇಟಿಗೆ ಇಬ್ಬರೂ ಬಂದರು. ಲಲಿತಾ ವಾಕರ್ ಬಿಟ್ಟು ಕೋಲು ಹಿಡಿದಿದ್ದರು. ವಾಸುದೇವ ಅವರಿಗೆ ಈಗ ನಾಲ್ಕೂವರೆಯವರೆಗೆ ನಿದ್ದೆ ಬರುತ್ತದೆ. ಕೆಲಸಕ್ಕೆ ಒಬ್ಬರು ಬರುತ್ತಿದ್ದಾರೆ. ನೋಟ್‌ಬುಕ್ ಲಲಿತಾ ಅವರ ಕೈಲಿತ್ತು. ಗಂಡನ ಸಾಲುಗಳ ಕೆಳಗೆ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿದ್ದರು. “ಹುರುಳಿಕಾಯಿ ಅಲ್ಲ, ಅವತ್ತು ಗೋರಿಕಾಯಿ.” “ಉಪ್ಪಿನ ವಿಷಯಕ್ಕೆ ಮನಸ್ಸಲ್ಲೇ ಬೈದೆ.”

ಕೊನೆಯ ಪುಟದಲ್ಲಿ ಇವರ ಅಕ್ಷರ ಇರಲಿಲ್ಲ. ಪೆನ್ಸಿಲ್ ಸಾಲುಗಳಷ್ಟೇ ಇದ್ದವು. “ಇವರು ಇವತ್ತು ನನ್ನ ತಲೆ ಬಾಚಿದರು. ಸಿಕ್ಕು ಎಳೆದು ನೋವಾಯಿತು. ಮೂರನೇ ಸಲಕ್ಕೆ ಜಡೆ ಬಂತು.”