ಚುನಾವಣಾ ನಕ್ಷೆಯಲ್ಲಿ ಒಂದೇ ಬಣ್ಣ ತುಂಬಿದ್ದರೆ ಆ ಪಕ್ಷಕ್ಕೇ ಜಾಸ್ತಿ ವೋಟು ಬಿದ್ದಿದೆ ಅಂತಾನಾ?
ಹಾಗೇನಿಲ್ಲ. ನಕ್ಷೆ ಯಾರು ಗೆದ್ದರು ಅಂತ ಮಾತ್ರ ಹೇಳುತ್ತದೆ, ಎಷ್ಟರಲ್ಲಿ ಗೆದ್ದರು ಅಂತಲ್ಲ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರು ಎಣಿಕೆ ಆಗಿ ಬಿಜೆಪಿ ಗೆದ್ದಿದ್ದು ಬರೀ 16 ವೋಟಿನಿಂದ, ಆದರೂ ನಕ್ಷೆಯಲ್ಲಿ ಇಡೀ ಕ್ಷೇತ್ರ ಕೇಸರಿ. ಕಾಂಗ್ರೆಸ್ಸಿಗೆ ಬಿದ್ದ 57 ಸಾವಿರಕ್ಕೂ ಜಾಸ್ತಿ ವೋಟು ಎಲ್ಲಿ ಹೋಯಿತು? ಕಾಣುವುದೇ ಇಲ್ಲ, ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಜಾಗದ ಲೆಕ್ಕವೂ ಹಾಗೇ. ರಾಜ್ಯದ ನಕ್ಷೆಯಲ್ಲಿ ಬೆಂಗಳೂರಿನ 28 ಕ್ಷೇತ್ರಗಳು ಒಂದು ಹೆಬ್ಬೆಟ್ಟಿನಡಿ ಮುಚ್ಚಿಹೋಗುತ್ತವೆ, ಕಾಡೇ ಜಾಸ್ತಿ ಇರುವ ಹಳಿಯಾಳ ಒಂದೇ ದೊಡ್ಡದಾಗಿ ಎದ್ದು ಕಾಣುತ್ತದೆ. ಆದರೆ ಅದಕ್ಕೂ ಒಂದೇ ಸೀಟು ಅಲ್ವಾ?

2018ರ ಮೇ ಎಣಿಕೆಯಲ್ಲಂತೂ ಬಿಜೆಪಿಗೆ 104 ಸೀಟು, ಕಾಂಗ್ರೆಸ್ಸಿಗೆ 78. ವೋಟು ನೋಡಿದರೆ ಕಾಂಗ್ರೆಸ್ಸಿಗೆ ಸುಮಾರು ಶೇ. 38, ಬಿಜೆಪಿಗೆ ಸುಮಾರು ಶೇ. 36.