ಗಾಳದ ರೀಲ್ ಮೇಲೆ 200 ಮೀಟರ್ ಅಂತಿದೆ, ಹಿಡಿದದ್ದು 150. ಮೋಸ ಆಗಿಲ್ಲ

ಶಿರಸಿಯಿಂದ ಪ್ರಶ್ನೆ ಹಾಕಿದವರಿಗೆ. ನಿಮ್ಮ ಮೀನು ಹಿಡಿಯುವ ರೀಲಿನ ಸ್ಪೂಲ್ (ದಾರ ಸುತ್ತುವ ಉರುಳೆ) ಮೇಲೆ 0.35/200 ಎಂದಿದೆ. 0.40ರ 300 ಮೀಟರ್ ತಂಗೂಸಿ (ನೈಲಾನ್ ದಾರ) ತಂದು ಸುತ್ತಿದರೆ ಅರ್ಧ ದಾರಕ್ಕೇ ಸ್ಪೂಲ್ ತುಂಬಿತು, ಡುಪ್ಲಿಕೇಟ್ ರೀಲ್ ಕೊಟ್ಟರಾ ಎಂದು ಕೇಳಿದ್ದೀರಿ. ಇಲ್ಲ ಮಾರಾಯ್ರೇ, ರೀಲ್ ಸರಿಯಾಗಿಯೇ ಇದೆ. 200 ಮೀಟರ್ ಅನ್ನೋದು 0.35 ಮಿಲಿಮೀಟರ್ ದಪ್ಪದ ದಾರಕ್ಕೆ ಮಾತ್ರ.

ದಪ್ಪ ಸ್ವಲ್ಪ ಜಾಸ್ತಿಯಾದರೆ ಉದ್ದವೂ ಸ್ವಲ್ಪವೇ ಕಮ್ಮಿಯಾಗುತ್ತದೆ ಎಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ದಪ್ಪ ದಾರ ಎರಡು ಕಡೆಯಿಂದ ಜಾಗ ತಿನ್ನುತ್ತದೆ. ಒಂದು ಸಾಲಿನಲ್ಲಿ ಸುತ್ತು ಕಮ್ಮಿ, ಅದರ ಮೇಲೆ ಕೂರುವ ಪದರಗಳೂ ಕಮ್ಮಿ. ಹಾಗಾಗಿ ದಪ್ಪವನ್ನು ದಪ್ಪದಿಂದಲೇ ಗುಣಿಸಬೇಕು. 0.35 × 0.35 × 200 ಎಂದರೆ 24.5. ಇದು ನಿಮ್ಮ ಸ್ಪೂಲಿನ ಜಾಗ, ರೀಲ್ ಡಬ್ಬಿಯ ಮೇಲೆ ಬರೆದಿಟ್ಟುಕೊಳ್ಳಿ. ಯಾವ ದಾರ ತಂದರೂ ಅದರ ದಪ್ಪವನ್ನು ಹೀಗೇ ಗುಣಿಸಿ, 24.5ನ್ನು ಅದರಿಂದ ಭಾಗಿಸಿ. 0.40ಕ್ಕೆ 153 ಮೀಟರ್ ಬರುತ್ತದೆ. ನಿಮಗೆ ಆಗಿದ್ದು ಅದೇ. 0.30 ಹಾಕಿದ್ದರೆ 272, 0.50 ಆದರೆ ಬರೀ 98. ಕೆಲವು ರೀಲ್‌ಗಳಲ್ಲಿ ಅಂಕಿ ಗಜದಲ್ಲಿರುತ್ತದೆ, ಅದನ್ನೂ ನೋಡಿಕೊಳ್ಳಿ. 200 ಗಜ ಎಂದರೆ 183 ಮೀಟರ್.

ದಾರದ ಲೇಬಲ್ ಮೇಲೆ ನಂಬಿಕೆ ಇಲ್ಲವೇ? ಪೆನ್ಸಿಲ್ ಮೇಲೆ ಒತ್ತೊತ್ತಾಗಿ 20 ಸುತ್ತು ಸುತ್ತಿ ಸ್ಕೇಲ್ ಇಡಿ. 8 ಮಿಲಿಮೀಟರ್ ಬಂದರೆ ಅದು ನಿಜವಾಗಿ 0.40.

ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ದಾರದ ವಿಷಯಕ್ಕೆ ಬಂದರೆ ಈ ಲೆಕ್ಕ ಅಷ್ಟು ನೇರವಾಗಿ ನಿಲ್ಲುವುದಿಲ್ಲ. 0.20 ಎಂದು ಬರೆದ ಬ್ರೇಡ್ ನಿಮ್ಮ ಸ್ಪೂಲಿಗೆ 612 ಮೀಟರ್ ಹೋಗಬೇಕು. ಹೋಗುವುದಿಲ್ಲ. ಅಗ್ಗದ ಬ್ರೇಡ್ ಬರೆದದ್ದಕ್ಕಿಂತ ದಪ್ಪ ಇರುವುದೇ ಜಾಸ್ತಿ. ಅದು ನೇಯ್ದ ದಾರ ಬೇರೆ, ಸಡಿಲವಾಗಿ ಸುತ್ತಿದರೆ ಉಬ್ಬಿ ಕೂರುತ್ತದೆ. ಜಪಾನಿನ ಲೆಕ್ಕದಲ್ಲಿ ಬ್ರೇಡಿನ ಗಾತ್ರವನ್ನು ಪಿಇ 1, ಪಿಇ 2 ಎಂದು ಬರೆದಿದ್ದರೆ ತಲೆನೋವು ಕಮ್ಮಿ. ಆ ನಂಬರೇ ಜಾಗದ ಲೆಕ್ಕ. ಪಿಇ 1 ದಾರ 300 ಮೀಟರ್ ಹಿಡಿಯುವ ಸ್ಪೂಲ್ ಪಿಇ 2 ದಾರ 150 ಮೀಟರ್ ಹಿಡಿಯುತ್ತದೆ.

ಬ್ರೇಡನ್ನು ಬರೀ ಸ್ಪೂಲಿಗೆ ಕಟ್ಟಬೇಡಿ. ನಾನು ಕಟ್ಟಿದ್ದೆ. ಕಾಳಿ ನದಿ ಸೇತುವೆ ಹತ್ತಿರ ಒಂದು ಒಳ್ಳೆಯ ಮೀನು ಎಳೆಯಿತು. ಡ್ರ್ಯಾಗ್ (ದಾರ ಹೊರಗೆ ಹೋಗುವುದನ್ನು ತಡೆಯುವ ರೀಲಿನ ಬ್ರೇಕ್) ಪೂರ್ತಿ ಬಿಗಿ ಮಾಡಿದರೂ ದಾರ ಹೋಗುತ್ತಲೇ ಇತ್ತು. ರೀಲೇ ಕೆಟ್ಟಿತು ಅಂದುಕೊಂಡೆ. ಮನೆಗೆ ಬಂದು ನೋಡಿದರೆ ದಾರದ ಇಡೀ ಉಂಡೆ ಅಲ್ಯೂಮಿನಿಯಂ ಮೇಲೆ ಬಳೆಯ ಹಾಗೆ ತಿರುಗುತ್ತಿದೆ! ಬ್ರೇಡಿನ ಅಡಿಯಲ್ಲಿ ತಂಗೂಸಿ ಇದ್ದರೆ ಹಿಡಿತ ಸಿಗುತ್ತದೆ. ನಿಮ್ಮ ಹತ್ತಿರ ಉಳಿದ 147 ಮೀಟರ್ ಇದೆಯಲ್ಲ, ಅದೇ ಇದಕ್ಕೆ ಬಂತು. ಸುತ್ತಿದ್ದನ್ನು ಬಿಚ್ಚಿಡಿ. ಉಳಿದದ್ದರಲ್ಲಿ ಸುಮಾರು 95 ಮೀಟರ್ ಅಡಿಯಲ್ಲಿ ಸುತ್ತಿ, ಅದರ ಮೇಲೆ 150 ಮೀಟರ್ ಬ್ರೇಡ್ ಹಾಕಿ. ಬ್ರೇಡಿನ ನಿಜವಾದ ದಪ್ಪ 0.25 ಎಂದು ಹಿಡಿದ ಲೆಕ್ಕ ಇದು.

ಆ 95 ಮೀಟರ್ ಅಳೆಯೋದು ಹೇಗೆ? ನಿಮಗೆ ತೋಟ ಇದೆ, ಸುಲಭ. ಒಂಬತ್ತು ಅಡಿಗೆ ಒಂದರಂತೆ ಅಡಿಕೆ ಹಾಕಿದ ಸಾಲಿನಲ್ಲಿ ಮೊದಲ ಮರಕ್ಕೆ ದಾರದ ತುದಿ ಕಟ್ಟಿ ನಡೆಯಿರಿ. ಮರದಿಂದ ಮರಕ್ಕೆ 2.7 ಮೀಟರ್, 35 ಅಂತರ ದಾಟಿದರೆ ಸಾಕು. ಸಾಲು ಗಿಡ್ಡ ಇದ್ದರೆ ಹೋಗಿ ಬನ್ನಿ. ಹಳೇ ತೋಟದ ಸಾಲು ನಂಬಬೇಡಿ, ಅಲ್ಲಿ ಅಜ್ಜನಿಗೆ ಜಾಗ ಕಂಡಲ್ಲಿ ಗಿಡ ನೆಟ್ಟಿರುತ್ತಾರೆ.

ಸುತ್ತುವಾಗ ದಾರವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಎಳೆಯಿರಿ. ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗೆ ನಿಲ್ಲಿಸಿ. ತುಳುಕುವಷ್ಟು ತುಂಬಿದರೆ ಮೊದಲ ಎಸೆತಕ್ಕೇ ಗೋಜಲು. ತೀರಾ ಕಮ್ಮಿ ಇದ್ದರೆ ದಾರ ಅಂಚಿಗೆ ಉಜ್ಜಿ ಗಾಳ ದೂರ ಹೋಗುವುದಿಲ್ಲ.

ಇನ್ನು 150 ಸಾಕಾ ಎಂಬ ಚಿಂತೆ. ಕಾರವಾರ, ಮಾಜಾಳಿ ದಂಡೆಯಿಂದ ನಾವು ಎಸೆಯುವುದು 60–70 ಮೀಟರ್. ದಂಡೆಗೆ ಧಾರಾಳ ಸಾಕು. ದೋಣಿಯಲ್ಲಿ ಇಸೋಣ (ಅಂಜಲ್ ಮೀನು) ಹಿಡಿಯಲು ಹೊರಟರೆ ಮಾತು ಬೇರೆ, ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ 100 ಮೀಟರ್ ಎಳೆದಿರುತ್ತದೆ. ಅದಕ್ಕೆ 300 ಬೇಕು, ದೊಡ್ಡ ರೀಲೂ ಬೇಕು. ಒಂದು ಎಚ್ಚರ: ದಾರ ಹೊರಗೆ ಹೋದಷ್ಟೂ ಸ್ಪೂಲಿನ ಉಂಡೆ ಸಣ್ಣದಾಗುತ್ತದೆ, ಡ್ರ್ಯಾಗ್ ತಾನಾಗಿಯೇ ಬಿಗಿಯಾಗುತ್ತದೆ. ತುಂಬಿದ ಸ್ಪೂಲಿನಲ್ಲಿ 2 ಕಿಲೋಗೆ ಹೊಂದಿಸಿದ್ದು, ಉಂಡೆಯ ವ್ಯಾಸ ಮೂರರಲ್ಲಿ ಎರಡು ಪಾಲಿಗೆ ಇಳಿದಾಗ 3 ಕಿಲೋ ಆಗಿರುತ್ತದೆ. ಗಾಬರಿಯಲ್ಲಿ ಇನ್ನೂ ತಿರುಗಿಸಿದರೆ ದಾರ ಕಟ್.

ಬ್ರೇಡಿಗೂ ತಂಗೂಸಿಗೂ ಗಂಟು ಹಾಕುವುದು ಗೊತ್ತಿಲ್ಲದಿದ್ದರೆ ಹೇಳಿ, ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ.